ನೀರಿನಡಿಯ ಕಲ್ಲಿಗೆ ಕಿವಿಗೊಟ್ಟ ಮಾವ

ಒಂಬತ್ತನೆಯ ದಿನದ ಅಕ್ಕಿಯನ್ನು ಮೊದಲು ತುಂಬಬೇಕು. ಡ್ರಮ್ಮಿನ ತಳಕ್ಕೆ ಹೋಗುವುದು ಅದೇ. ಅದರ ಮೇಲೆ ಎಂಟನೆಯ ದಿನದ್ದು, ಆಮೇಲೆ ಏಳನೆಯದು. ಹೀಗೆ ಬಂದು ಕೊನೆಗೆ ಬಾಯಿಯ ಹತ್ತಿರ ಮೊದಲ ದಿನದ ಅವಲಕ್ಕಿ, ಬೆಲ್ಲ, ಚಹಾಪುಡಿ. ಮದುವೆಯಾಗಿ ಸುನ್‌ಕೋಶಿ ನದಿಯ ದಡದ ಈ ಮನೆಗೆ ಬಂದ ಮೇಲೆ ನಾನು ಕಲಿತ ಮೊದಲ ಕೆಲಸ ಇದು. ಕಣ್ಣು ಮುಚ್ಚಿಕೊಂಡು ಮಾಡಬಲ್ಲೆ. ಆದರೆ ಈ ಸಲ ತಳದ ಚೀಲಕ್ಕೆ ಗಂಟು ಹಾಕುವಾಗ ಇದನ್ನು ಬಿಚ್ಚುವ ಕೈ ಯಾರದಿರುತ್ತದೋ ಎಂಬ ಯೋಚನೆ ಬಂತು. ಗಂಟು ಎರಡು ಸಲ ಜಾರಿತು. ಬೆನ್ನಿಗೆ ಕಟ್ಟಿಕೊಂಡಿದ್ದ ಮುನು ನನ್ನ ಜಡೆಯನ್ನು ಬಾಯಿಗಿಟ್ಟುಕೊಂಡು ಚೀಪುತ್ತಿದ್ದಳು. ಅವಳು ಹುಟ್ಟಿ ಎಂಟು ತಿಂಗಳಾಯಿತು. ಅವಳು ಬಂದ ಮೇಲೆ ನನಗೆ ನದಿ ಬೇರೆಯೇ ಆಗಿ ಕಾಣುತ್ತದೆ.

ದಸೈಂ ದಸರೆಯಲ್ಲಿ ಹಿರಿಯರು ಹಣೆಗೆ ಟೀಕಾ ಇಟ್ಟು ನಾಲ್ಕು ದಿನ ಆಗಿತ್ತು. ಶುಕ್ರವಾರ ಬೆಳಿಗ್ಗೆ ಕಾಠ್ಮಂಡುವಿನಿಂದ ಬಸ್ಸಿನಲ್ಲಿ ನದಿ ಇಳಿಯಲು ಹತ್ತು ಜನ ಪರದೇಶದ ಅತಿಥಿಗಳು ಬರುವವರಿದ್ದರು. ಮೂರು ರಬ್ಬರ್ ದೋಣಿ. ಎರಡರಲ್ಲಿ ಜನ. ಮೂರನೆಯದರಲ್ಲಿ ಡ್ರಮ್ಮು, ಗುಡಾರ, ಪಾತ್ರೆ, ಔಷಧದ ಪೆಟ್ಟಿಗೆ, ಎಲ್ಲ. ಆ ಭಾರದ ದೋಣಿಗೆ ಹುಟ್ಟು ಹಾಕುವವನು ನನ್ನ ಗಂಡ ದೀಪೇನ್. ನಮ್ಮ ಘಾಟಿನಿಂದ ಹೊರಟರೆ ಬೆಟ್ಟಗಳ ನಡುವೆ ಒಂಬತ್ತು ದಿನ. ಚತರಾದಲ್ಲಿ ನದಿ ಬಯಲಿಗೆ ಬಿದ್ದ ಮೇಲೆಯೇ ದೋಣಿಯಿಂದ ಇಳಿಯುವುದು. ನಡುವೆ ಎಷ್ಟೋ ಕಡೆ ರಸ್ತೆಯೂ ಇಲ್ಲ, ಫೋನೂ ಹತ್ತುವುದಿಲ್ಲ.

ಪ್ರಯಾಣದ ಮುಖಂಡ ತೀರ್ಥ ಗುರುಂಗ್ ಮೂರು ದಿನ ಮೊದಲೇ ಬಂದು ನಮ್ಮ ಅಂಗಳದಲ್ಲಿ ಚಾಪೆ ಹಾಕಿದ್ದ. ಅವನ ಕೈಯಲ್ಲಿ ಯಾವಾಗಲೂ ಒಂದು ಪಟ್ಟಿ. ಎಷ್ಟು ಮೊಟ್ಟೆ, ಎಷ್ಟು ಹಗ್ಗ, ದೋಣಿ ಹರಿದರೆ ಹಚ್ಚುವ ತೇಪೆ ಎಷ್ಟು, ಯಾವ ದಿನ ಯಾವ ಮರಳದಿಬ್ಬದಲ್ಲಿ ಮಲಗುವುದು.

"ಅಮ್ಮಾ, ಮೊಟ್ಟೆ ನೂರಿಪ್ಪತ್ತು ಅಂದಿದ್ದೆ. ಇಲ್ಲಿ ನೂರಾ ಹದಿನೆಂಟಿದೆ," ಅಂದ.

"ಎರಡು ನಿನ್ನೆ ರಾತ್ರಿ ನಿನ್ನ ಹೊಟ್ಟೆಗೇ ಹೋಯ್ತಲ್ಲಪ್ಪ," ಅಂದರು ನಮ್ಮತ್ತೆ, ಭತ್ತದ ಹೊಟ್ಟಿನೊಳಗೆ ಮೊಟ್ಟೆ ಹೂಳುತ್ತಾ. "ಪಟ್ಟೀಲಿ ಅದನ್ನೂ ಬರ್ಕೋ."

"ಕೋಸು ತೊಳೆದಿಲ್ಲ ತಾನೇ?"

"ಒರೆಸಿ ಇಟ್ಟಿದ್ದೀನಿ. ತೊಳೆದ್ರೆ ಮೂರನೇ ದಿನಕ್ಕೆ ಕೊಳೆಯುತ್ತೆ ಅಂತ ನನ್ನ ಸೊಸೆಗೂ ಗೊತ್ತು. ನಿಂಗೆ ಗೊತ್ತಾಗೋಕೆ ಎಷ್ಟು ವರ್ಷ ಬೇಕಾಯ್ತು?"

ಪಟ್ಟಿಯಲ್ಲಿ ಎಲ್ಲಕ್ಕೂ ಗುರುತು ಬಿದ್ದ ಮೇಲೂ ಒಂದು ಬಾಕಿ ಇರುತ್ತದೆ. ಅದನ್ನು ತೀರ್ಥ ಬರೆಯುವುದಿಲ್ಲ. ಬರೆಯದಿದ್ದರೂ ಅದಾಗದೆ ಯಾರೂ ದೋಣಿಗೆ ಗಾಳಿ ತುಂಬುವುದಿಲ್ಲ. ಅದು ನಮ್ಮ ಮಾವನ ಮಾತು.

ಮಾವ, ಇಂದ್ರಲಾಲ್ ಮಾಝಿ, ಸೇತುವೆ ಬರುವ ಮುಂಚೆ ಈ ಘಾಟಿನಲ್ಲಿ ಜನರನ್ನು ದಾಟಿಸುತ್ತಿದ್ದವರು. ಒಂದೇ ಸಾಲ್ ಮರ ಕೊರೆದು ಮಾಡಿದ ದೋಣಿ. ಮದುವೆ ದಿಬ್ಬಣ, ಮೇಕೆ, ಹೆಣ, ಮಾಸ್ತರು, ಎಲ್ಲರನ್ನೂ ಆ ದೋಣಿಯೇ ಹೊತ್ತಿತ್ತು. ಸೇತುವೆಯಾದ ವರ್ಷ ದೋಣಿಯನ್ನು ದಡಕ್ಕೆಳೆದು ಬೋರಲು ಹಾಕಿದರು. ಆಮೇಲೆ ಅದು ನಮ್ಮ ಕೋಳಿಗಳ ಮನೆಯಾಯಿತು. ಹುಟ್ಟನ್ನು ಮಾತ್ರ ಮಾವ ಮನೆಯೊಳಗೆ ಜಂತಿಗೆ ಸಿಕ್ಕಿಸಿಟ್ಟುಕೊಂಡರು.

ಆ ಹುಟ್ಟಿನಿಂದಲೇ ಅವರು ನದಿಗೆ ಕಿವಿಗೊಡುತ್ತಿದ್ದುದು. ಅಲಗನ್ನು ನೀರಿನಲ್ಲಿ ತಳಕ್ಕೆ ಊರಿ, ಹಿಡಿಯ ತುದಿಯನ್ನು ಬಲಗಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಕೂತುಬಿಡುತ್ತಿದ್ದರು. ನೀರು ಹೆಚ್ಚಿದ್ದರೆ ತಳದ ಗುಂಡುಕಲ್ಲುಗಳು ಉರುಳುತ್ತವೆ. ಮೇಲೆ ನಿಂತವರಿಗೆ ಅದು ಕೇಳುವುದಿಲ್ಲ. ಮರದೊಳಗಿಂದ ಕೇಳುತ್ತದೆ: ದೂರದಲ್ಲಿ ಯಾರೋ ಬೀಸುವ ಕಲ್ಲು ತಿರುಗಿಸುತ್ತಿದ್ದಾರೋ ಎಂಬಂತೆ. "ಕಲ್ಲು ನಡೀತಿದೆ" ಅಂದರೆ ಹೋಗಕೂಡದು. "ಕಲ್ಲು ನಿಂತಿದೆ" ಅಂದರೆ ಹೋಗಬಹುದು. ಅದಕ್ಕೆ ಸಾಕ್ಷಿಯಾಗಿ ಘಾಟಿನ ಎಮ್ಮೆಕಲ್ಲು, ನೀರಿನಲ್ಲಿ ನಿಂತ ಎಮ್ಮೆಯಂತೆ ಕಾಣುವ ಬಂಡೆ. ನೀರು ಎಮ್ಮೆಯ ಹೊಟ್ಟೆ ಮುಟ್ಟಿದ್ದರೆ ಬೇಡ, ಮೊಣಕಾಲಿಗಿಳಿದಿದ್ದರೆ ಸರಿ.

ಬಹಳ ಹಿಂದೆ ಮೊದಲ ರಬ್ಬರ್ ದೋಣಿಯವರು ಬಂದಾಗ ಮಾವ, ಕಲ್ಲು ನಡೀತಿದೆ, ನಾಲ್ಕು ದಿನ ಕಾಯಿರಿ ಅಂದಿದ್ದರಂತೆ. ಅವರು ನಕ್ಕು ಹೊರಟರು. ಐದು ಜನ ಹೋದವರಲ್ಲಿ ಮೂವರು ಹಕಾಪುರದ ದೊಡ್ಡ ಸೆಳವಿನ ಕೆಳಗಿನಿಂದ ನಡೆದು ವಾಪಸು ಬಂದರು. ಆಮೇಲೆ ಯಾರೂ ನಗಲಿಲ್ಲ. ಅಂದಿನಿಂದ ಇಡೀ ಘಾಟಿಗೆ ಅವರು "ಕಿವಿ ಮಾಝಿ". ಅತ್ತೆ ಪ್ರತಿ ಸಂಜೆ ಅವರ ಬಲಗಿವಿಗೆ ಬೆಚ್ಚಗಿನ ಸಾಸಿವೆ ಎಣ್ಣೆ ಬಿಡುತ್ತಾರೆ. ಆ ಕಡೆಯಿಂದ ಯಾರೂ ಕೂಗಿ ಮಾತಾಡುವಂತಿಲ್ಲ.

"ಬಲಗಿವಿ ನದಿಗಂತೆ, ಎಡಗಿವಿ ನಂಗಂತೆ," ಎಂದು ಅತ್ತೆ ಗೊಣಗುತ್ತಾರೆ. "ಅದಕ್ಕೇ ನಾನು ಹೇಳಿದ್ದು ಒಂದೂ ಕೇಳಿಸಲ್ಲ ಇವರಿಗೆ."

ಇನ್ನೊಂದು ಕಟ್ಟಳೆ ಇದೆ. ಮಾವ ಮಾತು ಕೊಟ್ಟ ಮೇಲೆ ನದಿಗೆ ಒಂದು ಮೊಟ್ಟೆ, ಕುಂಕುಮ ಬಿಡುತ್ತಾರೆ. ಮೊಟ್ಟೆ ಬಿಟ್ಟ ಮೇಲೆ ಹೊರಡುವವರೆಗೆ ನೀರನ್ನು ಮತ್ತೆ ಕೇಳುವಂತಿಲ್ಲ. ಕೇಳಿದರೆ ನದಿಯನ್ನು ಅನುಮಾನಿಸಿದಂತೆ.

ಈ ವರ್ಷ ಮಾವನಿಗೆ ಟೈಫಾಯ್ಡ್ ಆಗಿ ಮೂರು ವಾರ ಹಾಸಿಗೆ ಬಿಟ್ಟು ಏಳಲಿಲ್ಲ. ಬುಧವಾರ ಬೆಳಿಗ್ಗೆ ದೀಪೇನ್ ತೋಳು ಹಿಡಿದು ಘಾಟಿಗೆ ಇಳಿಸಿದ. ಮಾವ ಎಮ್ಮೆಕಲ್ಲನ್ನು ನೋಡಿದರು: ನೀರು ಮೊಣಕಾಲಿಗಿತ್ತು. ದಡದಂಚಿನಲ್ಲಿ ಹುಟ್ಟು ಊರಿ ಕಿವಿ ಇಟ್ಟರು.

"ನಿಂತಿದೆ," ಅಂದರು. "ಈ ವರ್ಷ ಬೇಗ ಸುಮ್ಮನಾಗಿದ್ದಾಳೆ ಅವಳು."

ತೀರ್ಥ ಚಪ್ಪಾಳೆ ತಟ್ಟಿದ. ಮೊಟ್ಟೆ ನೀರಿಗೆ ಬಿತ್ತು.

ಗುರುವಾರ ಮಧ್ಯಾಹ್ನ ನಾನು ಮುನುವಿನ ಬಟ್ಟೆ ಒಗೆಯಲು ಹೋದೆ. ನಾವು ಹೆಂಗಸರು ಒಗೆಯುವ ಚಪ್ಪಡಿ ಘಾಟಿಗಿಂತ ಇನ್ನೂರು ಹೆಜ್ಜೆ ಮೇಲಕ್ಕಿದೆ. ಹೆರಿಗೆಯಾದ ಮೇಲೆ ಇಷ್ಟು ದಿನ ಮನೆಯ ನಲ್ಲಿಯಲ್ಲೇ ಒಗೆಯುತ್ತಿದ್ದೆ. ಹಬ್ಬದ ನೆಂಟರಿಂದಾಗಿ ಅಂದು ನಲ್ಲಿ ಬಿಡುವಿರಲಿಲ್ಲ. ಹೋಗಿ ನೋಡಿದರೆ ಚಪ್ಪಡಿಯ ಮೇಲೆ ಗೇಣುದ್ದ ನೀರು ಹರಿಯುತ್ತಿದೆ. ಹಿಂದಿನ ವರ್ಷ ಇದೇ ಹೊತ್ತಿಗೆ, ಎಮ್ಮೆಕಲ್ಲಿನ ಮೊಣಕಾಲಿಗೆ ನೀರಿದ್ದಾಗ, ಇದೇ ಚಪ್ಪಡಿ ಒಣಗಿ ಬೆಚ್ಚಗಿತ್ತು. ಬಸುರಿಯಾಗಿದ್ದ ನಾನು ಅದರ ಮೇಲೆ ಕಾಲು ಚಾಚಿ ಕೂತು ದೋಣಿಗಳು ಹೊರಡುವುದನ್ನು ನೋಡಿದ್ದೆ. ಅದು ನನಗೆ ಚೆನ್ನಾಗಿ ನೆನಪಿದೆ.

ನೀರಿನಲ್ಲೇ ಚಪ್ಪಡಿಯ ಮೇಲೆ ನಿಂತೆ. ಅಂಗಾಲಿಗೆ ಏನೋ ತಾಗಿದಂತಾಯಿತು. ತಾಗಿದ್ದಲ್ಲ, ನಡುಕ. ಚಪ್ಪಡಿ ಸಣ್ಣಗೆ ನಡುಗುತ್ತಿತ್ತು. ಕೈಯಲ್ಲಿದ್ದ ಬಟ್ಟೆ ಬಡಿಯುವ ಕೋಲನ್ನು ನೀರಿಗೆ ಊರಿ ತುದಿಯನ್ನು ಕಿವಿಗಿಟ್ಟುಕೊಂಡೆ. ಮೊದಲು ಬರೀ ಹರಿವಿನ ಸದ್ದು. ಆಮೇಲೆ ಅದರ ಕೆಳಗೆ, ಟೊಕ್, ಟೊಕ್, ಗರಗರ, ಮತ್ತೆ ಟೊಕ್.

ಕೆಳಗೆ ಎಮ್ಮೆಕಲ್ಲಿನ ಕಡೆ ನೋಡಿದೆ. ಆಗ ಹೊಳೆಯಿತು. ಮಳೆ ನಿಂತ ಕೂಡಲೇ, ಮಾವ ಮಲಗಿದ್ದ ದಿನಗಳಲ್ಲಿ, ಮರಳು ಜಲ್ಲಿಯವರು ದೊಡ್ಡ ಯಂತ್ರ ತಂದು ಎಮ್ಮೆಕಲ್ಲಿನ ಪಕ್ಕದ ದಿಬ್ಬವನ್ನು ಅಗೆದು ಲಾರಿಗಟ್ಟಲೆ ಸಾಗಿಸಿದ್ದರು. ನಾವೆಲ್ಲ ನೋಡಿದ್ದೆವು, ಧೂಳಿಗೆ ಬೈದುಕೊಂಡು ಸುಮ್ಮನಾಗಿದ್ದೆವು. ಆ ಹೊಂಡಕ್ಕೆ ನದಿ ನುಗ್ಗಿದೆ. ತಳ ಆಳವಾದರೆ ಅಷ್ಟೇ ನೀರು ಕೆಳಗಿಳಿದು ಕಾಣುತ್ತದೆ. ಉರುಳಿ ಬರುವ ಕಲ್ಲುಗಳು ಮೇಲುತುದಿಯಲ್ಲೇ ಹೊಂಡಕ್ಕೆ ಬಿದ್ದು ಅಲ್ಲೇ ನಿಲ್ಲುತ್ತವೆ. ಎಮ್ಮೆಯೂ ಸುಳ್ಳು ಹೇಳಿದೆ, ಹುಟ್ಟೂ ಸುಳ್ಳು ಹೇಳಿದೆ. ನೀರು ಇಳಿದೇ ಇಲ್ಲ.

ಒಗೆಯದ ಬಟ್ಟೆಯನ್ನು ಬುಟ್ಟಿಗೆ ತುಂಬಿಕೊಂಡು ಹತ್ತಿ ಬಂದೆ. ದೀಪೇನ್ ಅಂಗಳದಲ್ಲಿ ಹಗ್ಗ ಸುತ್ತುತ್ತಿದ್ದ. ಅವನಿಗೆ ಮೊದಲು ಹೇಳಿದೆ. ಅವನ ಮುಖ ಕೆಂಪಾಯಿತು.

"ಬಟ್ಟೆ ಒಗೆಯೋಕೆ ಹೋಗಿದ್ದಾ, ಇಲ್ಲಾ ಪಂಚಾಯ್ತಿ ಮಾಡೋಕಾ? ಮೊಟ್ಟೆ ಬಿಟ್ಟಾಯ್ತು ಜುನು."

"ಚಪ್ಪಡಿ ಮುಳುಗಿದೆ. ಹೋಗಿ ನಿಂತು ನೋಡು."

"ಅಪ್ಪ ಒಂದ್ಸಲ ಹೇಳಿದ ಮೇಲೆ ನಾನು ಹೋಗಿ ನಿಂತು ನೋಡ್ಲಾ? ತೀರ್ಥಣ್ಣ ಏನಂತಾನೆ? ಹೆಂಡ್ತಿ ಹೆದರಿದ್ಲು, ಇವನು ಹಿಂದೆ ಸರಿದ ಅಂತಾನೆ."

"ಅನ್ಲಿ. ಅಂದ್ರೆ ನಿನ್ನ ಮೂಗೇನು ಉದುರಲ್ಲ."

"ನಿಂಗೆ ಪ್ರತಿ ಸಲವೂ ಭಯವೇ."

ಅದು ನಿಜ. ಪ್ರತಿ ಸಲವೂ ಭಯವೇ. ಆದರೆ ಪ್ರತಿ ಸಲ ನನ್ನ ಅಂಗಾಲಡಿಯ ಕಲ್ಲು ನಡುಗುವುದಿಲ್ಲ. ಮುನುವನ್ನು ಬೆನ್ನಿನಿಂದ ಬಿಚ್ಚಿ ಅತ್ತೆಯ ತೊಡೆಗೆ ಹಾಕಿ ಮಾವನ ಹತ್ತಿರ ಹೋದೆ. ಅವರು ಗೋಡೆಗೊರಗಿ ಅನ್ನದ ಗಂಜಿ ಕುಡಿಯುತ್ತಿದ್ದರು. ಮಾವನಿಗೆ ಎದುರು ಮಾತಾಡಿದವಳಲ್ಲ ನಾನು. ಎಡಗಿವಿಯ ಕಡೆ ಕೂತು, ಸೆರಗು ಎಳೆದುಕೊಂಡು, ಕಂಡಿದ್ದಷ್ಟನ್ನೇ ಹೇಳಿದೆ: ಚಪ್ಪಡಿ, ಗೇಣು ನೀರು, ನಡುಕ, ಕೋಲು, ಹೊಂಡ.

ಮಾವ ಬಟ್ಟಲು ಕೆಳಗಿಟ್ಟರು. "ಯಾವ ಹೊಂಡ?"

ಅವರಿಗೆ ಯಾರೂ ಹೇಳಿರಲಿಲ್ಲ. ಜ್ವರದಲ್ಲಿ ಮಲಗಿದ್ದವರಿಗೆ ಜಲ್ಲಿಯ ಸುದ್ದಿ ಯಾರು ಹೇಳುತ್ತಾರೆ?

ಕೋಲೂರಿಕೊಂಡು ಚಪ್ಪಡಿಯವರೆಗೆ ನಡೆದರು. ನಾಲ್ಕು ಕಡೆ ಕೂತು ಸುಧಾರಿಸಿಕೊಂಡರು. ದೀಪೇನ್ ಹಿಂದೆಯೇ ಬಂದ. ಮಾವ ನೀರಿನಲ್ಲಿ ಮೊಣಕಾಲೂರಿ, ಅದೇ ಬಟ್ಟೆ ಬಡಿಯುವ ಕೋಲನ್ನು ಬಲಗಿವಿಗೆ ಇಟ್ಟುಕೊಂಡರು. ಎಷ್ಟು ಹೊತ್ತು ಇದ್ದರೋ. ಅವರ ಪಂಚೆ ಪೂರ್ತಿ ನೆನೆಯಿತು. ಚಳಿಗೆ ತೋಳಿನ ಕೂದಲು ನಿಮಿರಿದವು.

"ಹೇಳೋಕೆ ಭಯ ಆಯ್ತಾ ಮಗಾ?" ಎಂದು ಕೇಳಿದರು, ತಲೆ ಎತ್ತದೆ.

"ಆಯ್ತು ಮಾವ."

"ನಂಗೂ ಆಗ್ತಿದೆ ಈಗ." ಕೋಲನ್ನು ದೀಪೇನ್‌ಗೆ ಕೊಟ್ಟರು. "ತಗೋ. ಇಡು ಕಿವಿಗೆ."

ದೀಪೇನ್ ಇಟ್ಟುಕೊಂಡ. ಅವನ ಮುಖದ ಕೆಂಪು ನನ್ನ ಕಣ್ಣೆದುರಿಗೇ ಇಳಿಯಿತು. ಹದಿನಾಲ್ಕು ಸಲ ಆ ನದಿ ಇಳಿದವನು ಅದನ್ನು ಕಿವಿಯಿಂದ ಕೇಳಿದ್ದು ಅದೇ ಮೊದಲು. ಅಪ್ಪ ಇದ್ದಾರಲ್ಲ ಎಂದು ಅವನು ಕಲಿತಿರಲಿಲ್ಲ. ಮಗ ಕೇಳಲಿಲ್ಲ ಎಂದು ಅವರು ಕಲಿಸಿರಲಿಲ್ಲ.

ತೀರ್ಥ ಒಪ್ಪಲಿಲ್ಲ. ಅಂಗಳದಲ್ಲಿ ಡ್ರಮ್ಮುಗಳ ನಡುವೆ ನಿಂತು ಕೈ ಆಡಿಸಿದ.

"ಇಂದ್ರಲಾಲ್ ಕಾಕಾ, ಇಷ್ಟು ವರ್ಷದಲ್ಲಿ ಒಂದ್ಸಲನೂ ಮಾತು ಹಿಂದಕ್ಕೆ ತಗೊಂಡೋರಲ್ಲ ನೀವು. ನಾಳೆ ಬೆಳಿಗ್ಗೆ ಬಸ್ ಬರುತ್ತೆ. ಆ ಜನಕ್ಕೆ ಏನಂತ ಹೇಳ್ಲಿ? ಬಟ್ಟೆ ಒಗೆಯೋ ಕೋಲು ಬೇಡ ಅಂತು ಅಂತಾನಾ?"

"ನಾನು ಬೇಡ ಅಂದೆ ಅಂತ ಹೇಳು."

"ಎಮ್ಮೆ ಮೊಣಕಾಲು ಕಾಣ್ತಿದೆ. ನೀವೇ ನೋಡಿದ್ದೀರಿ. ಜ್ವರದ ಕಿವಿ ಇದು, ಬೇಜಾರು ಮಾಡ್ಕೋಬೇಡಿ."

ಮಾವ ಬೇಜಾರು ಮಾಡಿಕೊಂಡರೋ ಇಲ್ಲವೋ, ಮುಖದಲ್ಲಿ ತೋರಿಸಲಿಲ್ಲ. ಹಟ್ಟಿಯ ಹಿಂದಿನಿಂದ ಉದ್ದನೆಯ ಬಿದಿರಿನ ಗಳ ತರಲು ದೀಪೇನ್‌ಗೆ ಹೇಳಿದರು. ಹಬ್ಬದ ಉಯ್ಯಾಲೆಗೆ ಕಡಿದು ಮಿಕ್ಕಿದ್ದ ಗಳ, ಮೂರಾಳುದ್ದ. ಎಲ್ಲರೂ ಘಾಟಿಗೆ ಇಳಿದೆವು. ಪ್ರತಿ ವರ್ಷ ಎಮ್ಮೆಕಲ್ಲಿನ ಪಕ್ಕದಲ್ಲಿ ಎದೆಯುದ್ದದ ನೀರು, ಅಲ್ಲಿ ನಮ್ಮ ಎಮ್ಮೆಗಳನ್ನೇ ಮೀಯಿಸುತ್ತೇವೆ. ಮಾವ ಗಳವನ್ನು ತೀರ್ಥನ ಕೈಗೇ ಕೊಟ್ಟರು.

"ಊರು."

ತೀರ್ಥ ಊರಿದ. ಗಳ ಇಳಿಯಿತು. ಇನ್ನೂ ಇಳಿಯಿತು. ಅವನು ಬಗ್ಗಿದ, ಹೊಟ್ಟೆಯ ಮೇಲೆ ಮಲಗಿದ, ತೋಳು ಹೆಗಲವರೆಗೆ ನೀರಿಗೆ ಹೋಯಿತು. ತಳ ಸಿಗಲಿಲ್ಲ. ಕೈಜಾರಿ ಗಳ ಹೊರಟುಹೋಯಿತು. ಮೊದಲು ನೆಟ್ಟಗೆ, ಆಮೇಲೆ ಓರೆಯಾಗಿ, ತಿರುವಿನವರೆಗೆ ಮೇಲೆದ್ದು ಮುಳುಗುತ್ತಾ. ಎಷ್ಟು ವೇಗವಾಗಿ ಹೋಯಿತೆಂದರೆ ತೀರ್ಥ ಎದ್ದು ನಿಲ್ಲುವಷ್ಟರಲ್ಲಿ ಅದು ಕಾಣಿಸಲಿಲ್ಲ.

ಅವನು ಒದ್ದೆ ತೋಳನ್ನು ಹಿಡಿದುಕೊಂಡು ನಿಂತ. "ಅಯ್ಯೋ ದೇವರೇ," ಅಂದ.

ಶುಕ್ರವಾರ ಬಸ್ಸು ಬಂತು. ಹತ್ತು ಜನ ಬಣ್ಣಬಣ್ಣದ ಟೋಪಿ ಹಾಕಿಕೊಂಡು ನಗುತ್ತಾ ಇಳಿದರು. ಅವರಿಗೆ ತಾನೇ ಹೇಳುತ್ತೇನೆಂದು ತೀರ್ಥ ಎಷ್ಟು ಹೇಳಿದರೂ ಮಾವ ಕೇಳಲಿಲ್ಲ. ಹಬ್ಬದ ಟೋಪಿ, ಒಗೆದ ಅಂಗಿ ಹಾಕಿಕೊಂಡು ಬಸ್ಸಿನ ಬಾಗಿಲಿಗೇ ಹೋಗಿ ನಿಂತರು.

"ಮೊನ್ನೆ ನಾನು ಹೋಗಬಹುದು ಅಂದಿದ್ದೆ. ಅದು ತಪ್ಪು. ನೀರು ಜಾಸ್ತಿ ಇದೆ. ನನ್ನ ಮಾತು ನಂಬಿ ನೀವು ಬಂದಿದ್ದೀರಿ, ಅದು ನನ್ನ ತಪ್ಪು," ಅಂದರು. ತೀರ್ಥ ಅದನ್ನು ಅವರ ಭಾಷೆಗೆ ತಿರುಗಿಸಿ ಹೇಳಿದ. ಸುತ್ತ ಘಾಟಿನ ಅರ್ಧ ಜನ ನೆರೆದಿದ್ದರು. ಚಹಾ ಅಂಗಡಿಯ ಬೆಂಚಿನ ಮೇಲಿನವನೊಬ್ಬ ಪಕ್ಕದವನಿಗೆ, "ಕಿವಿ ಮಾಝಿಗೆ ಕಿವುಡು ಬಂತು," ಅಂದ. ಸಣ್ಣ ದನಿಯಲ್ಲಿ ಅಂದಿದ್ದ. ಆದರೆ ಅವನು ಕೂತಿದ್ದು ಮಾವನ ಬಲಕ್ಕೆ.

ಅತ್ತೆಗೂ ಅದು ಕೇಳಿಸಿತು. "ನಿನ್ನ ಅಜ್ಜಿ ಹೆಣಾನ ಬೆಂಕಿಗೆ ಅಂತ ದಾಟಿಸಿದ್ದು ಇವರೇ ಕಣೋ!" ಎಂದು ರಸ್ತೆಯ ಈ ಕಡೆಯಿಂದಲೇ ಕೂಗಿದರು. ಅವನು ಲೋಟ ಬಿಟ್ಟು ಎದ್ದು ಹೋದ.

ಅತಿಥಿಗಳಲ್ಲಿ ಇಬ್ಬರು ಸಿಟ್ಟು ಮಾಡಿಕೊಂಡು ಅದೇ ಬಸ್ಸಿನಲ್ಲಿ ಹೊರಟುಹೋದರು. ಉಳಿದ ಎಂಟು ಜನ ಮರಳಿನ ಮೇಲೆ ಗುಡಾರ ಹಾಕಿ ಕಾದರು. ಮೊದಲ ದಿನದ ಅವಲಕ್ಕಿ, ಎರಡನೆಯ ದಿನದ ಕೋಸು ಘಾಟಿನಲ್ಲೇ ಮುಗಿದವು. ನಾನು ಡ್ರಮ್ಮು ಬಿಚ್ಚಿ, ಲೆಕ್ಕ ತಪ್ಪದಂತೆ ಮತ್ತೆ ತುಂಬಿದೆ. ಮಾವ ದಿನಕ್ಕೆ ಮೂರು ಸಲ ಚಪ್ಪಡಿಗೆ ಹೋಗುತ್ತಿದ್ದರು. ದೀಪೇನ್ ಜೊತೆಗೆ ಹೋಗುತ್ತಿದ್ದ. ಹುಟ್ಟನ್ನು ಒಬ್ಬರಾದ ಮೇಲೊಬ್ಬರು ಕಿವಿಗಿಟ್ಟುಕೊಳ್ಳುತ್ತಿದ್ದರು. ಮಾವನ ದನಿ ನನ್ನ ತನಕ ಕೇಳಿಸುತ್ತಿತ್ತು: "ಅದು ಮರಳು. ಮರಳಿಗೆ ಹೆದರಬೇಡ. ಈಗ ಬಂತು ನೋಡು, ಇದು ಕಲ್ಲು. ಇದಕ್ಕೆ ಹೆದರು."

ಮಂಗಳವಾರದ ಹೊತ್ತಿಗೆ ಚಪ್ಪಡಿಯ ಬೆನ್ನು ಒಣಗಿತು. ತೀರ್ಥ ಬಂದು ಕೈಮುಗಿದು ಕೂತ. ಮಾತು ಕೇಳಲು ಬಂದಿದ್ದ. ಅತ್ತೆ ಮೊಟ್ಟೆ, ಕುಂಕುಮ ತಟ್ಟೆಯಲ್ಲಿ ತಂದಿಟ್ಟರು.

ಮಾವ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಇಲ್ಲಿ ಕಲ್ಲು ನಿಂತಿದೆ. ಅಷ್ಟೇ ನಂಗೆ ಗೊತ್ತಿರೋದು," ಅಂದರು. "ಮುಂಚೆ ಇಲ್ಲಿ ಕೇಳಿದ್ರೆ ಚತರಾವರೆಗೂ ಕೇಳಿದ ಹಾಗೆ ಇತ್ತು. ಈಗ ಯಾವ ತಿರುವಲ್ಲಿ ಯಾರು ಅಗೆದಿದ್ದಾರೋ, ಯಾವ ಗುಡ್ಡ ಜಾರಿದೆಯೋ. ನಾನು ಮಾತು ಕೊಡಲ್ಲ. ಪ್ರತಿ ಸೆಳವಿನ ಮೇಲೆ ದೋಣಿ ಕಟ್ಟಿ. ಇಳಿದು ಕೇಳಿ. ನಡೀತಿದ್ರೆ ದೋಣೀನ ಹೊತ್ಕೊಂಡು ಬಂಡೆ ಮೇಲೆ ದಾಟಿ."

"ಭಾರದ ದೋಣಿ ಹೊರೋಕೆ ಅರ್ಧ ದಿನ ಬೇಕು ಕಾಕಾ."

"ಹಾಗಾದ್ರೆ ಅರ್ಧ ದಿನ ತಗೊಳ್ಳಿ."

ಬುಧವಾರ ಬೆಳಿಗ್ಗೆ ಹೊರಟರು. ಯಾರ ಮಾತೂ ಇಲ್ಲದೆ ನಮ್ಮ ಘಾಟಿನಿಂದ ದೋಣಿ ಹೊರಟಿದ್ದು ನನಗೆ ತಿಳಿದಂತೆ ಅದೇ ಮೊದಲು. ದೀಪೇನ್ ಮುನುವಿನ ನೆತ್ತಿ ಮೂಸಿದ, ನನ್ನ ಕಡೆ ನೋಡಿದ. "ಬೈಯ್ತೀಯಾ?" ಅಂದ. "ಬಂದ ಮೇಲೆ ಬೈತೀನಿ," ಅಂದೆ. ತಿರುವಿನಲ್ಲಿ ಮೂರನೆಯ ದೋಣಿಯ ಹಿಂಭಾಗ ಒಮ್ಮೆ ಎತ್ತರಕ್ಕೆದ್ದು ಮರೆಯಾಯಿತು. ಮುನುವಿಗೆ ಅದು ಆಟವೆನಿಸಿ ಕೇಕೆ ಹಾಕಿದಳು. ನನಗೆ ಎದೆಹಾಲು ಉಕ್ಕಿ ರವಿಕೆ ಒದ್ದೆಯಾಯಿತು.

ಗುರುವಾರ ಸುದ್ದಿ ಇಲ್ಲ. ಶುಕ್ರವಾರ ಇಡೀ ದಿನ ಇಲ್ಲ. ಹಕಾಪುರ ಮೂರನೆಯ ದಿನಕ್ಕೆ ಸಿಗುತ್ತದೆ. ಕಲಸಿದ ಅನ್ನವನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ. ಅತ್ತೆ ಬೈದರು: "ನೀನು ಉಣ್ಣದಿದ್ರೆ ಮಗೂಗೆ ಹಾಲೆಲ್ಲಿಂದ ಬರುತ್ತೆ? ಹೆದರೋದಾದ್ರೆ ಉಂಡು ಹೆದರು." ಹೇಳಿದ ಅವರೇ ತಮ್ಮ ತಟ್ಟೆಯನ್ನು ಮುಟ್ಟಿರಲಿಲ್ಲ.

ಶನಿವಾರ ಮುನುವಿಗೆ ಬೆಳಗಿನ ಸ್ನಾನ ಮಾಡಿಸುವಾಗ ಫೋನು ಬಂತು. ದೀಪೇನ್. ಎಲ್ಲೋ ಬೆಟ್ಟ ಹತ್ತಿ ನಿಂತಿದ್ದ, ಏದುಸಿರು.

"ಹಕಾಪುರ ದಾಟಿದ್ವಿ ಜುನು. ಮೇಲೆ ಹೊತ್ಕೊಂಡು ದಾಟಿದ್ವಿ. ಅರ್ಧ ದಿನ ಅಲ್ಲ, ಪೂರ್ತಿ ದಿನ ಹಿಡೀತು. ತೀರ್ಥಣ್ಣನ ಕಾಲುಗುರು ಕಿತ್ತುಬಂತು, ಬೇರೇನಿಲ್ಲ."

ಸೋಪಿನ ಕೈಯಲ್ಲೇ ಫೋನನ್ನು ಮಾವನ ಎಡಗಿವಿಗೆ ಹಿಡಿದೆ. ಅವರು ಅದನ್ನು ತೆಗೆದುಕೊಂಡು ಬಲಗಿವಿಗೆ ಇಟ್ಟುಕೊಂಡರು.

"ನಡೀತಿತ್ತಾ?" ಎಂದು ಕೇಳಿದರು.

ದೀಪೇನ್ ಹೇಳಿದ್ದು ನನಗೂ ಕೇಳಿಸಿತು. "ನಡೀತಿತ್ತು ಅಪ್ಪ. ಮನೆಯಷ್ಟು ದೊಡ್ಡ ಕಲ್ಲು ಉರುಳಿ ಬಂದಂಗೆ ಸದ್ದು. ಮೇಲಿಂದ ನೋಡಿದ್ರೆ ನೀರು ಹಾಲಿನಂಗೆ ಸುಮ್ನಿತ್ತು. ಕೇಳದೆ ಇದ್ದಿದ್ರೆ ಇಳಿದುಬಿಡ್ತಿದ್ವಿ."

ಫೋನು ತಾನಾಗಿಯೇ ಕಡಿದುಹೋಯಿತು. ಆಮೇಲೂ ಮಾವ ಅದನ್ನು ಕಿವಿಗೆ ಒತ್ತಿಕೊಂಡೇ ಇದ್ದರು.

"ಮುಂದೆ ಯಾವುದು ಬರುತ್ತೆ ಮಾವ?" ಎಂದು ಕೇಳಿದೆ.

ಅವರು ಒಂದೊಂದಾಗಿ ಹೆಸರು ಹೇಳಿದರು, ಬೆರಳು ಮಡಚುತ್ತಾ. ಐದು ಬೆರಳೂ ಮುಗಿದು ಇನ್ನೊಂದು ಕೈಗೆ ಹೋದರು. ನಾನು ಮುನುವಿನ ತಲೆಗೆ ನೀರು ಹೊಯ್ದೆ, ಟವೆಲಿನಲ್ಲಿ ಸುತ್ತಿದೆ, ಎಣ್ಣೆ ಹಚ್ಚಿದೆ. ಇನ್ನೂ ಆರು ದಿನ ಇದೆ.